ಕಂಪ್ಯೂಟರ್‌ನಲ್ಲಿ ಸೌಂಡ್ ಬರ್ತಿಲ್ವಾ? ಡ್ರೈವರ್‌ಗೆ ಕೈ ಹಾಕುವ ಮುಂಚೆ ನೋಡಬೇಕಾದ್ದು, ಆಮೇಲೆ ಮಾಡಬೇಕಾದ್ದು

ಸೌಂಡ್ ನಿಂತ ತಕ್ಷಣ ಹೆಚ್ಚಿನವರು ಮಾಡುವ ಮೊದಲ ಕೆಲಸ, ಗೂಗಲ್‌ನಲ್ಲಿ "ಆಡಿಯೋ ಡ್ರೈವರ್ ಡೌನ್‌ಲೋಡ್" ಅಂತ ಹುಡುಕುವುದು. ಅದು ಕೊನೆಗೆ ಮಾಡಬೇಕಾದ ಕೆಲಸ. ನಲ್ಲಿಯಲ್ಲಿ ನೀರು ಬರದಿದ್ದರೆ ಮೊದಲು ವಾಲ್ವ್ ನೋಡುತ್ತೇವೆ, ಹೊಸ ಬೋರ್‌ವೆಲ್ ಕೊರೆಸಲು ಹೋಗುವುದಿಲ್ಲ ಅಲ್ವಾ? ಸೌಂಡ್ ಕೂಡ ಒಂದು ದಾರಿಯಲ್ಲೇ ಬರುತ್ತದೆ. ಹಾಡು ಹಾಕಿದ ಆ್ಯಪ್, ವಿಂಡೋಸ್‌ನ ವಾಲ್ಯೂಮ್ ಮಿಕ್ಸರ್, ಒಳಗೆ ಓಡುವ ಆಡಿಯೋ ಸರ್ವಿಸ್, ಡ್ರೈವರ್ (ವಿಂಡೋಸ್ ಮಾತನ್ನು ಸೌಂಡ್ ಚಿಪ್‌ಗೆ ತಲುಪಿಸುವ ಸಾಫ್ಟ್‌ವೇರ್), ಸೌಂಡ್ ಚಿಪ್, ಜ್ಯಾಕ್ ಅಥವಾ ಬ್ಲೂಟೂತ್, ಕೊನೆಗೆ ಸ್ಪೀಕರ್. ಎಲ್ಲಿ ನಿಂತಿದೆ ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿಯಿತು. ಅದನ್ನು ಪತ್ತೆ ಮಾಡುವ ಒಂದು ಒಳ್ಳೆ ಉಪಾಯ ವಿಂಡೋಸ್‌ನೊಳಗೇ ಇದೆ. ಯಾಕೋ ಯಾರೂ ಅದನ್ನು ಜಾಸ್ತಿ ಬಳಸುವುದಿಲ್ಲ.

ಇಲ್ಲಿ ಹೇಳಿರುವುದೆಲ್ಲ ವಿಂಡೋಸ್ 11 ಲೆಕ್ಕದಲ್ಲಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆದರೂ ಮನೆಗಳಲ್ಲಿ, ಅಂಗಡಿಗಳಲ್ಲಿ ಅದಿನ್ನೂ ಓಡುತ್ತಿದೆ. ಅದರಲ್ಲಿ ಮೆನುಗಳ ಹೆಸರು ಸ್ವಲ್ಪ ಬೇರೆ ಇರಬಹುದು, ಕ್ರಮ ಇದೇ. ಲಿನಕ್ಸ್ ಬಳಸುವವರಿಗೂ ಮುಂದೆ ಒಂದು ಸಣ್ಣ ಭಾಗ ಇದೆ.

ಮೊದಲು ರೀಸ್ಟಾರ್ಟ್ ಮಾಡಿ, ಶಟ್ ಡೌನ್ ಅಲ್ಲ

"ಆಫ್ ಮಾಡಿ ಆನ್ ಮಾಡಿದೆ, ಆದರೂ ಬರಲಿಲ್ಲ" ಅನ್ನುವವರು ಬಹಳ ಜನ. ಇದರಲ್ಲಿ ಒಂದು ಗುಟ್ಟಿದೆ. ವಿಂಡೋಸ್ 8ರಿಂದ ಈಚೆಗೆ ಫಾಸ್ಟ್ ಸ್ಟಾರ್ಟ್‌ಅಪ್ ಎಂಬ ವ್ಯವಸ್ಥೆ ಬಂದಿದೆ. ನೀವು ಶಟ್ ಡೌನ್ ಕೊಟ್ಟಾಗ ವಿಂಡೋಸ್ ತನ್ನ ಒಳಭಾಗವನ್ನೂ ಡ್ರೈವರ್‌ಗಳ ಆಗಿನ ಸ್ಥಿತಿಯನ್ನೂ ಡಿಸ್ಕ್‌ಗೆ ಬರೆದಿಟ್ಟು ಮಲಗುತ್ತದೆ. ಮತ್ತೆ ಆನ್ ಮಾಡಿದಾಗ ಅದನ್ನೇ ಎತ್ತಿಕೊಳ್ಳುತ್ತದೆ. ಅಂದರೆ ಸಿಕ್ಕಿಹಾಕಿಕೊಂಡ ಡ್ರೈವರ್ ಹಾಗೇ ವಾಪಸ್ ಬರುತ್ತದೆ. ರೀಸ್ಟಾರ್ಟ್ ಕೊಟ್ಟರೆ ಎಲ್ಲವೂ ಹೊಸದಾಗಿ ಶುರುವಾಗುತ್ತದೆ. ಪೂರ್ತಿ ಆಫ್ ಮಾಡಲೇಬೇಕಿದ್ದರೆ ಶಿಫ್ಟ್ ಕೀ ಒತ್ತಿ ಹಿಡಿದು ಶಟ್ ಡೌನ್ ಕ್ಲಿಕ್ ಮಾಡಿ.

ಹಸಿರು ಪಟ್ಟಿಯನ್ನು ನೋಡಿ

ಇದೇ ಆ ಉಪಾಯ. ವಿಂಡೋಸ್ ಕೀ ಜೊತೆ ಆರ್ ಒತ್ತಿ. ಬಂದ ಪುಟ್ಟ ಡಬ್ಬಿಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಎಂ, ಎಂ, ಎಸ್, ವೈ, ಎಸ್, ಚುಕ್ಕಿ, ಸಿ, ಪಿ, ಎಲ್ ಅಂತ ಟೈಪ್ ಮಾಡಿ ಎಂಟರ್ ಕೊಡಿ. ಹಳೇ ಕಾಲದ ಸೌಂಡ್ ಕಿಟಕಿ ತೆರೆಯುತ್ತದೆ. ಪ್ಲೇಬ್ಯಾಕ್ ಟ್ಯಾಬ್‌ನಲ್ಲಿ ನಿಮ್ಮ ಎಲ್ಲ ಸ್ಪೀಕರ್, ಹೆಡ್‌ಫೋನ್, ಮಾನಿಟರ್‌ಗಳ ಪಟ್ಟಿ ಇರುತ್ತದೆ. ಪ್ರತಿಯೊಂದರ ಬಲಗಡೆ ಒಂದು ಸಣ್ಣ ಮೀಟರ್ ಇದೆ. ಈಗ ಯಾವುದಾದರೂ ಹಾಡು ಹಾಕಿ, ಅದು ಓಡುತ್ತಿರುವಾಗಲೇ ಈ ಮೀಟರ್‌ಗಳನ್ನು ನೋಡಿ.

ನಿಮಗೆ ಬೇಕಾದ ಸ್ಪೀಕರ್‌ನ ಮುಂದೆಯೇ ಹಸಿರು ಪಟ್ಟಿ ಕುಣಿಯುತ್ತಿದೆ, ಆದರೆ ಕಿವಿಗೆ ಏನೂ ಕೇಳಿಸುತ್ತಿಲ್ಲ ಅಂದರೆ, ವಿಂಡೋಸ್ ತನ್ನ ಪಾಲಿನ ಕೆಲಸ ಮಾಡಿದೆ. ತೊಂದರೆ ಅದರ ಆಚೆ ಇದೆ. ವೈರ್, ಜ್ಯಾಕ್, ಸ್ಪೀಕರ್‌ನ ಸ್ವಂತ ವಾಲ್ಯೂಮ್ ಗುಂಡಿ, ಅದರ ಪವರ್ ನೋಡಿ. ಇಲ್ಲಿ ಡ್ರೈವರ್ ತಪ್ಪು ಇರುವುದು ಅಪರೂಪ.

ಪಟ್ಟಿ ಬೇರೆ ಸಾಧನದ ಮುಂದೆ ಕುಣಿಯುತ್ತಿದ್ದರೆ ಸೌಂಡ್ ಅಲ್ಲಿಗೆ ಹೋಗುತ್ತಿದೆ, ಅಷ್ಟೇ.

ಯಾವುದರ ಮುಂದೆಯೂ ಕುಣಿಯದಿದ್ದರೆ ಬೇಕಾದ ಸಾಧನದ ಮೇಲೆ ರೈಟ್ ಕ್ಲಿಕ್ ಮಾಡಿ ಟೆಸ್ಟ್ ಕೊಡಿ. ಟೆಸ್ಟ್ ಸದ್ದು ಬಂದರೆ ತೊಂದರೆ ಆ್ಯಪ್‌ನಲ್ಲಿದೆ. ಟೆಸ್ಟ್ ಟೋನ್ ಪ್ಲೇ ಮಾಡಲು ಆಗಲಿಲ್ಲ ಎಂಬ ಸಂದೇಶ ಬಂದರೆ ಸರ್ವಿಸ್ ಅಥವಾ ಡ್ರೈವರ್ ಕಡೆ ಹೋಗಬೇಕು.

ಸಾಧನವೇ ಪಟ್ಟಿಯಲ್ಲಿ ಇಲ್ವಾ? ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ, ಶೋ ಡಿಸೇಬಲ್ಡ್ ಡಿವೈಸಸ್ ಮತ್ತು ಶೋ ಡಿಸ್‌ಕನೆಕ್ಟೆಡ್ ಡಿವೈಸಸ್ ಎರಡಕ್ಕೂ ಟಿಕ್ ಹಾಕಿ. ಮಂಕಾಗಿ ಕಾಣಿಸಿಕೊಂಡರೆ ರೈಟ್ ಕ್ಲಿಕ್ ಮಾಡಿ ಎನೇಬಲ್ ಕೊಡಿ. ಆಗಲೂ ಕಾಣದಿದ್ದರೆ ಮಾತ್ರ ನೇರವಾಗಿ ಡ್ರೈವರ್ ಭಾಗಕ್ಕೆ ಹೋಗಿ.

ಸೌಂಡ್ ಬೇರೆ ಕಡೆ ಹೋಗುತ್ತಿದ್ದರೆ

ಎಚ್‌ಡಿಎಂಐ ಕೇಬಲ್‌ನಲ್ಲಿ ಚಿತ್ರದ ಜೊತೆ ಸೌಂಡೂ ಹೋಗುತ್ತದೆ. ಹೊಸ ಮಾನಿಟರ್ ಸಿಕ್ಕಿಸಿದ ಕೂಡಲೇ ವಿಂಡೋಸ್ ಅದನ್ನೇ ಸ್ಪೀಕರ್ ಅಂತ ಆರಿಸಿಕೊಳ್ಳುವುದು ಮಾಮೂಲು. ಆ ಮಾನಿಟರ್‌ಗೆ ಸ್ಪೀಕರ್ ಇಲ್ಲದಿದ್ದರೂ ಎಷ್ಟೋ ಸಲ ವಿಂಡೋಸ್‌ಗೆ ಅದು ಗೊತ್ತಾಗುವುದಿಲ್ಲ. ಪಟ್ಟಿಯಲ್ಲಿ ಎನ್ವಿಡಿಯಾ ಹೈ ಡೆಫಿನಿಷನ್ ಆಡಿಯೋ, ಇಂಟೆಲ್ ಡಿಸ್‌ಪ್ಲೇ ಆಡಿಯೋ ಎಂಬ ಹೆಸರು ಕಂಡರೆ ಅದು ಮಾನಿಟರ್ ಅಥವಾ ಟಿವಿಯ ದಾರಿ. ನಿಮ್ಮ ಸ್ಪೀಕರ್ ಮೇಲೆ ರೈಟ್ ಕ್ಲಿಕ್ ಮಾಡಿ ಸೆಟ್ ಆ್ಯಸ್ ಡಿಫಾಲ್ಟ್ ಡಿವೈಸ್ ಕೊಡಿ. ಮಾನಿಟರ್‌ನಿಂದ ಸೌಂಡ್ ಯಾವತ್ತೂ ಬೇಡ ಅನ್ನುವವರು ಆ ದಾರಿಯನ್ನು ಡಿಸೇಬಲ್ ಮಾಡಿಬಿಡುವುದೇ ನೆಮ್ಮದಿ.

ದಿನನಿತ್ಯ ಬದಲಿಸುವವರಿಗೆ ವಿಂಡೋಸ್ ಕೀ, ಕಂಟ್ರೋಲ್, ವಿ ಮೂರನ್ನೂ ಒಟ್ಟಿಗೆ ಒತ್ತಿದರೆ ಔಟ್‌ಪುಟ್ ಆರಿಸುವ ಪಟ್ಟಿ ಬರುತ್ತದೆ.

ಇನ್ನೊಂದು ಸಂಗತಿ. ಡಿಫಾಲ್ಟ್ ಡಿವೈಸ್ ಬೇರೆ, ಡಿಫಾಲ್ಟ್ ಕಮ್ಯುನಿಕೇಷನ್ ಡಿವೈಸ್ ಬೇರೆ. ಹಾಡು ಸ್ಪೀಕರ್‌ನಲ್ಲಿ, ಮೀಟಿಂಗ್ ಧ್ವನಿ ಹೆಡ್‌ಸೆಟ್‌ನಲ್ಲಿ ಬರಲಿ ಅಂತ ಮಾಡಿದ ಅನುಕೂಲ ಅದು. ಮೀಟಿಂಗ್‌ನಲ್ಲಿ ಮಾತ್ರ ಧ್ವನಿ ಕೇಳಿಸುತ್ತಿಲ್ಲ ಅಂದರೆ ಎರಡನೆಯದನ್ನು ನೋಡಿ. ಝೂಮ್, ಟೀಮ್ಸ್‌ಗಳಲ್ಲಿ ಸ್ಪೀಕರ್ ಆರಿಸುವ ಸ್ವಂತ ಸೆಟ್ಟಿಂಗ್ ಕೂಡ ಇದೆ. ಅದು ವಿಂಡೋಸ್ ಮಾತು ಕೇಳಬೇಕೆಂದೇನಿಲ್ಲ.

ಒಂದೇ ಆ್ಯಪ್ ಮೂಕವಾಗಿದ್ದರೆ

ಬ್ರೌಸರ್ ಟ್ಯಾಬ್ ಮೇಲೆ ರೈಟ್ ಕ್ಲಿಕ್ ಮಾಡಿ, ಮ್ಯೂಟ್ ಆಗಿದೆಯಾ ನೋಡಿ. ಆಮೇಲೆ ಸೆಟ್ಟಿಂಗ್ಸ್, ಸಿಸ್ಟಮ್, ಸೌಂಡ್, ವಾಲ್ಯೂಮ್ ಮಿಕ್ಸರ್ ತೆರೆಯಿರಿ. ಪ್ರತಿ ಆ್ಯಪ್‌ಗೂ ಬೇರೆ ವಾಲ್ಯೂಮ್, ಬೇರೆ ಔಟ್‌ಪುಟ್ ಇರುತ್ತದೆ. ಏನು ಬದಲಾಗಿದೆ ಅಂತ ತಿಳಿಯದಿದ್ದರೆ ಕೆಳಗಿರುವ ರೀಸೆಟ್ ಒತ್ತಿ, ಎಲ್ಲವೂ ಮೊದಲಿನಂತಾಗುತ್ತದೆ.

ಕಾಲ್ ಬಂದಾಗ ಹಾಡಿನ ಸದ್ದು ತಾನಾಗೇ ಕುಗ್ಗುತ್ತದೆ ಎಂಬ ದೂರಿಗೆ ಡ್ರೈವರ್ ಕಾರಣವಲ್ಲ. ಅದೇ ಹಳೇ ಸೌಂಡ್ ಕಿಟಕಿಯ ಕಮ್ಯುನಿಕೇಷನ್ಸ್ ಟ್ಯಾಬ್‌ನಲ್ಲಿ, ಕಾಲ್ ಇದ್ದಾಗ ಉಳಿದ ಸದ್ದನ್ನು 80% ತಗ್ಗಿಸು ಎಂಬ ಆಯ್ಕೆ ಮೊದಲೇ ಆನ್ ಇರುತ್ತದೆ. ಡು ನಥಿಂಗ್ ಆರಿಸಿ.

ಆಡಿಯೋ ಸರ್ವಿಸ್

ವಿಂಡೋಸ್ ಕೀ ಒತ್ತಿ ಸರ್ವಿಸಸ್ ಅಂತ ಹುಡುಕಿ ತೆರೆಯಿರಿ. ವಿಂಡೋಸ್ ಆಡಿಯೋ, ವಿಂಡೋಸ್ ಆಡಿಯೋ ಎಂಡ್‌ಪಾಯಿಂಟ್ ಬಿಲ್ಡರ್ ಎಂಬ ಎರಡು ಸಾಲುಗಳಿವೆ. ಎರಡೂ ರನ್ನಿಂಗ್ ಇರಬೇಕು, ಸ್ಟಾರ್ಟ್‌ಅಪ್ ಟೈಪ್ ಆಟೋಮ್ಯಾಟಿಕ್ ಇರಬೇಕು. ಎಂಡ್‌ಪಾಯಿಂಟ್ ಬಿಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ರೀಸ್ಟಾರ್ಟ್ ಕೊಡಿ. ವಿಂಡೋಸ್ ಆಡಿಯೋ ಅದನ್ನೇ ನೆಚ್ಚಿಕೊಂಡಿರುವುದರಿಂದ ಅದೂ ಜೊತೆಗೇ ರೀಸ್ಟಾರ್ಟ್ ಆಗುತ್ತದೆ. ಆಮೇಲೆ ಬ್ರೌಸರ್, ಪ್ಲೇಯರ್‌ಗಳನ್ನು ಒಮ್ಮೆ ಮುಚ್ಚಿ ತೆರೆಯಿರಿ. ಸ್ಪೀಕರ್ ಗುರುತಿನ ಮೇಲೆ ಕೆಂಪು ಗುರುತು ಇದ್ದವರಿಗೆ ಇದು ಎಷ್ಟೋ ಸಲ ಸಾಕಾಗುತ್ತದೆ.

ಜ್ಯಾಕ್ ಮತ್ತು ವೈರ್

ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಿ. ಡ್ರೈವರ್ ಮೇಲೆ ಹೊರಿಸುವ ತಪ್ಪುಗಳಲ್ಲಿ ದೊಡ್ಡ ಪಾಲು ಈ 3.5 ಮಿಲಿಮೀಟರ್ ತೂತಿನದ್ದು.

ಡೆಸ್ಕ್‌ಟಾಪ್ ಆದರೆ ಹಿಂದೆ ಹಸಿರು ಜ್ಯಾಕ್ ಸ್ಪೀಕರ್‌ಗೆ, ಗುಲಾಬಿ ಮೈಕ್‌ಗೆ, ನೀಲಿ ಬಣ್ಣದ್ದು ಹೊರಗಿನಿಂದ ಸೌಂಡ್ ಒಳಗೆ ತರಲು. ಕ್ಯಾಬಿನೆಟ್ ಒರೆಸಲು ತೆಗೆದು ಮತ್ತೆ ಹಾಕುವಾಗ ಹಸಿರಿನ ಬದಲು ನೀಲಿಗೆ ಹೋಗಿರುವುದು ಬಲು ಸಾಮಾನ್ಯ. ಮುಂದಿನ ಜ್ಯಾಕ್ ಕೆಲಸ ಮಾಡುತ್ತಿಲ್ಲ, ಹಿಂದಿನದು ಮಾಡುತ್ತಿದೆ ಅಂದರೆ ಕ್ಯಾಬಿನೆಟ್ ಒಳಗೆ ಎಚ್‌ಡಿ ಆಡಿಯೋ ಎಂದು ಬರೆದಿರುವ ವೈರ್ ಮದರ್‌ಬೋರ್ಡ್‌ನಿಂದ ಕಳಚಿರಬಹುದು.

ಹಾಡಿನಲ್ಲಿ ವಾದ್ಯ ಕೇಳಿಸುತ್ತದೆ, ಹಾಡುವವರ ದನಿ ಮಾತ್ರ ಮಾಯ! ಇದು ವಿಚಿತ್ರ ಅನಿಸಿದರೂ ಕಾರಣ ಸರಳ. ಪ್ಲಗ್ ಅರ್ಧ ಕೂತಿದ್ದರೆ ಅಥವಾ ಗ್ರೌಂಡ್ ತಂತಿ ತುಂಡಾಗಿದ್ದರೆ, ಎಡ ಮತ್ತು ಬಲದ ಸಿಗ್ನಲ್‌ಗಳ ವ್ಯತ್ಯಾಸ ಮಾತ್ರ ಸ್ಪೀಕರ್‌ಗೆ ತಲುಪುತ್ತದೆ. ಗಾಯನ ಎರಡೂ ಕಡೆ ಒಂದೇ ಸಮ ಇರುವುದರಿಂದ ಅದು ಒಂದನ್ನೊಂದು ಹೊಡೆದು ಹಾಕುತ್ತದೆ. ಪ್ಲಗ್ ಟಕ್ ಎನ್ನುವ ತನಕ ಒತ್ತಿ. ಮೊಬೈಲ್‌ನ ಮೈಕ್ ಇರುವ ಇಯರ್‌ಫೋನನ್ನು ಹಳೇ ಡೆಸ್ಕ್‌ಟಾಪ್‌ಗೆ ಹಾಕಿದಾಗಲೂ ಕೆಲವೊಮ್ಮೆ ಹೀಗಾಗುತ್ತದೆ. ಅದರ ಪ್ಲಗ್‌ನಲ್ಲಿ ಮೂರು ಕಪ್ಪು ಗೆರೆ ಇರುತ್ತವೆ, ಹಳೇ ಜ್ಯಾಕ್‌ಗೆ ಎರಡು ಗೆರೆಯ ಪ್ಲಗ್ ಬೇಕು. ಸಣ್ಣ ಸ್ಪ್ಲಿಟರ್ ಕೇಬಲ್ ಸಾಕು.

ಸಿನಿಮಾದಲ್ಲಿ ಹಿನ್ನೆಲೆ ಸಂಗೀತ ಜೋರು, ಮಾತು ಮಾತ್ರ ಕೇಳಿಸದಷ್ಟು ಸಣ್ಣ ಅಂದರೆ ಅದರ ಕತೆ ಬೇರೆ. 5.1 ಸೌಂಡ್‌ನಲ್ಲಿ ಡೈಲಾಗ್ ಮುಖ್ಯವಾಗಿ ನಡುವಿನ ಸ್ಪೀಕರ್‌ಗೆ ಹೋಗುತ್ತದೆ. ನಿಮ್ಮ ಹತ್ತಿರ ಇರುವುದು ಎರಡೇ ಸ್ಪೀಕರ್, ಆದರೆ ವಿಂಡೋಸ್‌ನಲ್ಲಿ 5.1 ಆರಿಸಿದ್ದರೆ ಮಾತುಗಳು ಇಲ್ಲದ ಸ್ಪೀಕರ್‌ಗೆ ಹೋಗುತ್ತಿವೆ. ಪ್ಲೇಬ್ಯಾಕ್ ಪಟ್ಟಿಯಲ್ಲಿ ಸ್ಪೀಕರ್ ಆರಿಸಿ, ಕೆಳಗಿನ ಕಾನ್ಫಿಗರ್ ಒತ್ತಿ, ಸ್ಟೀರಿಯೋ ಮಾಡಿ.

ಹೆಡ್‌ಫೋನ್ ತೆಗೆದಮೇಲೂ ಲ್ಯಾಪ್‌ಟಾಪ್ ಸ್ಪೀಕರ್ ಮಾತಾಡದಿದ್ದರೆ ಜ್ಯಾಕ್ ಒಳಗಿನ ಪುಟ್ಟ ಸ್ವಿಚ್ ಸಿಕ್ಕಿಕೊಂಡಿರಬಹುದು. ಪ್ಲಗ್ ಇದೆ ಅಂತಲೇ ಅದು ಹೇಳುತ್ತಿರುತ್ತದೆ. ಮಲೆನಾಡು, ಕರಾವಳಿಯ ಮಳೆಗಾಲದ ತೇವಕ್ಕೆ ಒಳಗಿನ ಲೋಹ ಕಿಲುಬು ಹಿಡಿದರೂ ಹೀಗಾಗುತ್ತದೆ. ಪ್ಲಗ್ ಅನ್ನು ಹಲವು ಸಲ ಒಳಗೆ ಹಾಕಿ ತೆಗೆಯಿರಿ. ಸಾಲದಿದ್ದರೆ ಲ್ಯಾಪ್‌ಟಾಪ್ ಆಫ್ ಮಾಡಿ ಕಾಂಟ್ಯಾಕ್ಟ್ ಕ್ಲೀನರ್ ಸ್ವಲ್ಪವೇ ಸಿಂಪಡಿಸಿ, ಒಣಗಿದ ಮೇಲೆ ಆನ್ ಮಾಡಿ. ಸೂಜಿ, ಪಿನ್ ಹಾಕಿ ಕೆದಕಬೇಡಿ.

ಕರೆಂಟ್ ಹೋದಾಗ ಮಾತ್ರ ಸ್ಪೀಕರ್‌ನಲ್ಲಿ ಗುಂಯ್ ಅನ್ನುತ್ತದೆಯೇ? ಮನೆಯ ಇನ್ವರ್ಟರ್ ಸ್ಕ್ವೇರ್ ವೇವ್ ಮಾದರಿಯದ್ದಾಗಿದ್ದರೆ ಅದು ಸಹಜ. ಡ್ರೈವರ್ ಬದಲಿಸಿದರೆ ಹೋಗುವುದಿಲ್ಲ. ಚಾರ್ಜರ್ ಸಿಕ್ಕಿಸಿದಾಗ ಮಾತ್ರ ಗುಂಯ್ ಅಂದರೆ ಸ್ಪೀಕರ್, ಲ್ಯಾಪ್‌ಟಾಪ್ ಎರಡನ್ನೂ ಒಂದೇ ಸ್ಪೈಕ್ ಬಸ್ಟರ್‌ಗೆ ಹಾಕಿ ನೋಡಿ. ಹಾಗೇ ಮನೆಯ ಅರ್ಥಿಂಗ್ ಸರಿ ಇದೆಯಾ ಅಂತ ಎಲೆಕ್ಟ್ರೀಷಿಯನ್ ಹತ್ತಿರ ಕೇಳಿ.

ಬ್ಲೂಟೂತ್

ಹಾಡು ಚೆನ್ನಾಗಿ ಬರುತ್ತದೆ, ಮೀಟಿಂಗ್ ಶುರುವಾದ ತಕ್ಷಣ ಹಳೇ ಟೆಲಿಫೋನ್ ಥರ ಆಗುತ್ತದೆ. ಇದು ಕೆಟ್ಟುಹೋದ ಲಕ್ಷಣ ಅಲ್ಲ. ಮಾಮೂಲು ಬ್ಲೂಟೂತ್‌ಗೆ ಎರಡು ರೀತಿಗಳಿವೆ. ಎ2ಡಿಪಿ ಎಂಬುದು ಹಾಡು ಕೇಳಲು, ಸ್ಟೀರಿಯೋ. ಹ್ಯಾಂಡ್ಸ್‌ಫ್ರೀ ಎಂಬುದು ಮಾತಾಡಲು, ಮೋನೋ. ಹೆಡ್‌ಸೆಟ್‌ನ ಮೈಕ್ ಆನ್ ಆದ ಕೂಡಲೇ ಎರಡನೆಯದಕ್ಕೆ ಜಾರುತ್ತದೆ. ಇದಕ್ಕೆ ನನ್ನ ಪರಿಹಾರ ಸುಲಭ: ಮೀಟಿಂಗ್ ಆ್ಯಪ್‌ನಲ್ಲಿ ಮೈಕ್ ಜಾಗಕ್ಕೆ ಲ್ಯಾಪ್‌ಟಾಪಿನದ್ದನ್ನು ಆರಿಸಿ, ಸ್ಪೀಕರ್ ಜಾಗಕ್ಕೆ ಮಾತ್ರ ಹೆಡ್‌ಸೆಟ್ ಇಡಿ. ವಿಂಡೋಸ್ 10ರಲ್ಲಿ ಒಂದೇ ಹೆಡ್‌ಸೆಟ್ ಸ್ಟೀರಿಯೋ, ಹ್ಯಾಂಡ್ಸ್‌ಫ್ರೀ ಅಂತ ಎರಡು ಸಲ ಕಾಣಿಸುತ್ತದೆ. ಸ್ಟೀರಿಯೋ ಎಂದಿರುವುದನ್ನು ಆರಿಸಿ.

ಜೋಡಿಯಾಗಿದೆ ಅಂತ ತೋರಿಸಿಯೂ ಸದ್ದಿಲ್ಲ ಅಂದರೆ ಹೆಡ್‌ಸೆಟ್ ಬಹುಶಃ ನಿಮ್ಮ ಮೊಬೈಲ್‌ಗೂ ಅಂಟಿಕೊಂಡಿದೆ. ಮೊಬೈಲ್ ಬ್ಲೂಟೂತ್ ಆಫ್ ಮಾಡಿ ನೋಡಿ. ಕೊನೆಗೆ ರಿಮೂವ್ ಡಿವೈಸ್ ಕೊಟ್ಟು ಹೊಸದಾಗಿ ಜೋಡಿಸಿ.

ಈಗ ಡ್ರೈವರ್

ಇಲ್ಲಿಯವರೆಗೆ ಯಾವುದೂ ಫಲಿಸಿಲ್ಲ ಅಂದರೆ ಸ್ಟಾರ್ಟ್ ಗುಂಡಿಯ ಮೇಲೆ ರೈಟ್ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ಸೌಂಡ್, ವಿಡಿಯೋ ಆ್ಯಂಡ್ ಗೇಮ್ ಕಂಟ್ರೋಲರ್ಸ್ ಎಂಬುದನ್ನು ಬಿಡಿಸಿ. ಅನೇಕ ಕಂಪ್ಯೂಟರ್‌ಗಳಲ್ಲಿ ರಿಯಲ್‌ಟೆಕ್ ಎಂಬ ಹೆಸರು ಕಾಣುತ್ತದೆ. ಏಡಿ ಗುರುತಿನ ಈ ತೈವಾನ್ ಕಂಪನಿಯ ಚಿಪ್ ಲೆಕ್ಕವಿಲ್ಲದಷ್ಟು ಮದರ್‌ಬೋರ್ಡ್‌ಗಳಲ್ಲಿದೆ. ಹಳದಿ ತ್ರಿಕೋನ ಇದ್ದರೆ ಅದರ ಮೇಲೆ ಎರಡು ಸಲ ಕ್ಲಿಕ್ ಮಾಡಿ, ಡಿವೈಸ್ ಸ್ಟೇಟಸ್‌ನಲ್ಲಿರುವ ಕೋಡ್ ಓದಿ. ಕೋಡ್ 22 ಅಂದರೆ ಯಾರೋ ಡಿಸೇಬಲ್ ಮಾಡಿದ್ದಾರೆ. 28 ಅಂದರೆ ಡ್ರೈವರ್ ಹಾಕೇ ಇಲ್ಲ. 39 ಅಂದರೆ ಡ್ರೈವರ್ ಫೈಲ್ ಕೆಟ್ಟಿದೆ ಅಥವಾ ಕಾಣೆಯಾಗಿದೆ. 10 ಅಂದರೆ ಸಾಧನ ಶುರುವಾಗುತ್ತಿಲ್ಲ.

ನಿನ್ನೆ ಅಪ್‌ಡೇಟ್ ಆಯಿತು, ಇವತ್ತು ಸೌಂಡ್ ಇಲ್ಲ ಅನ್ನುವವರು ಮೊದಲು ಹಿಂದಕ್ಕೆ ಹೋಗಬೇಕು, ಮುಂದಕ್ಕಲ್ಲ. ಡ್ರೈವರ್ ಟ್ಯಾಬ್‌ನಲ್ಲಿ ರೋಲ್ ಬ್ಯಾಕ್ ಡ್ರೈವರ್ ಒತ್ತಿ. ಅದು ಮಂಕಾಗಿದ್ದರೆ ಹಳೇ ಡ್ರೈವರ್ ಉಳಿದಿಲ್ಲ ಅಂತ ಅರ್ಥ. ಅಪ್‌ಡೇಟ್‌ನಿಂದಲೇ ಸೌಂಡ್ ಕೆಡುವುದು ಬರೀ ಅನುಮಾನದ ಮಾತಲ್ಲ. 2025ರ ಜನವರಿಯ ವಿಂಡೋಸ್ ಅಪ್‌ಡೇಟ್ ಹಾಕಿದ ಮೇಲೆ, ಯುಎಸ್‌ಬಿ 1.0 ಆಡಿಯೋ ಡ್ರೈವರ್ ಬಳಸುವ ಡಿಎಸಿಗಳು (ಡಿಜಿಟಲ್ ಸೌಂಡನ್ನು ಹೆಡ್‌ಫೋನ್, ಸ್ಪೀಕರ್‌ಗೆ ಬೇಕಾದ ಸಿಗ್ನಲ್ ಆಗಿ ಬದಲಿಸುವ ಸಾಧನಗಳು) ಕೋಡ್ 10 ತೋರಿಸಿ ನಿಂತುಹೋಗಿದ್ದವು. ಅದನ್ನು ಮೈಕ್ರೋಸಾಫ್ಟ್ ಒಪ್ಪಿಕೊಂಡು ಮುಂದಿನ ಅಪ್‌ಡೇಟ್‌ನಲ್ಲಿ ಸರಿಪಡಿಸಿತು. ಇಂಥ ಹೊತ್ತಿನಲ್ಲಿ ನೀವು ಎಷ್ಟು ಸಲ ಡ್ರೈವರ್ ಹಾಕಿ ತೆಗೆದರೂ ಪ್ರಯೋಜನ ಇಲ್ಲ. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್, ಅಪ್‌ಡೇಟ್ ಹಿಸ್ಟರಿಗೆ ಹೋಗಿ ಆ ಅಪ್‌ಡೇಟ್ ತೆಗೆಯಬಹುದು. ಆದರೆ ಭದ್ರತೆಯ ಅಪ್‌ಡೇಟ್ ಅನ್ನು ಜಾಸ್ತಿ ದಿನ ತೆಗೆದಿಡಬೇಡಿ.

ರೋಲ್ ಬ್ಯಾಕ್ ಆಗದಿದ್ದರೆ ಹೊಸದಾಗಿ ಹಾಕುವ ಕ್ರಮ ಹೀಗೆ:

1. ನಿಮ್ಮ ಮಾಡೆಲ್ ಯಾವುದು ಅಂತ ಖಚಿತ ಮಾಡಿಕೊಳ್ಳಿ. ಸ್ಟಾರ್ಟ್‌ನಲ್ಲಿ ಸಿಸ್ಟಮ್ ಇನ್‌ಫರ್ಮೇಷನ್ ಹುಡುಕಿ. ಲ್ಯಾಪ್‌ಟಾಪ್ ಆದರೆ ಸಿಸ್ಟಮ್ ಮಾಡೆಲ್, ಜೋಡಿಸಿದ ಡೆಸ್ಕ್‌ಟಾಪ್ ಆದರೆ ಬೇಸ್‌ಬೋರ್ಡ್ ಪ್ರಾಡಕ್ಟ್ ಸಾಲು ನೋಡಿ.

2. ಲ್ಯಾಪ್‌ಟಾಪ್ ಅಥವಾ ಮದರ್‌ಬೋರ್ಡ್ ತಯಾರಿಸಿದ ಕಂಪನಿಯ ಸಪೋರ್ಟ್ ಪುಟದಿಂದ ಆಡಿಯೋ ಡ್ರೈವರ್ ಇಳಿಸಿಟ್ಟುಕೊಳ್ಳಿ. ಚಿಪ್ ಕಂಪನಿಯ ಸಾಮಾನ್ಯ ಡ್ರೈವರ್‌ನಲ್ಲಿ ನಿಮ್ಮ ಮಾಡೆಲ್‌ನ ಆ್ಯಂಪ್ಲಿಫೈಯರ್, ಸ್ಪೀಕರ್‌ಗೆ ಬೇಕಾದ ಹೊಂದಾಣಿಕೆ ಇರದೆ ಹೋಗಬಹುದು.

3. ಸಿಸ್ಟಮ್ ಡಿವೈಸಸ್ ಕೆಳಗೆ ಇಂಟೆಲ್ ಸ್ಮಾರ್ಟ್ ಸೌಂಡ್ ಎಂಬ ಹೆಸರಿದ್ದರೆ ಅದರ ಡ್ರೈವರನ್ನೂ ಇಳಿಸಿ. ಈ ಲ್ಯಾಪ್‌ಟಾಪ್‌ಗಳಲ್ಲಿ ರಿಯಲ್‌ಟೆಕ್ ಒಂದನ್ನೇ ಹಾಕಿದರೆ ಸಾಲದು, ಎರಡೂ ಬೇಕು. ಮೊದಲು ಇಂಟೆಲ್‌ನದು, ಆಮೇಲೆ ರಿಯಲ್‌ಟೆಕ್.

4. ಡಿವೈಸ್ ಮ್ಯಾನೇಜರ್‌ನಲ್ಲಿ ಆಡಿಯೋ ಸಾಧನದ ಮೇಲೆ ರೈಟ್ ಕ್ಲಿಕ್ ಮಾಡಿ ಅನ್‌ಇನ್‌ಸ್ಟಾಲ್ ಡಿವೈಸ್ ಕೊಡಿ. ಡ್ರೈವರನ್ನೂ ತೆಗೆಯಲಾ ಎಂಬ ಟಿಕ್ ಇದ್ದರೆ ಹಾಕಿ. ಅದನ್ನು ಹಾಕದಿದ್ದರೆ ಅದೇ ಕೆಟ್ಟ ಡ್ರೈವರ್ ಮತ್ತೆ ಬಂದು ಕೂರುತ್ತದೆ.

5. ರೀಸ್ಟಾರ್ಟ್ ಮಾಡಿ. ವಿಂಡೋಸ್ ತಾನಾಗೇ ಒಂದು ಡ್ರೈವರ್ ಹಾಕಿಕೊಳ್ಳಬಹುದು. ಸೌಂಡ್ ಬಂದರೆ ಅಲ್ಲಿಗೇ ನಿಲ್ಲಿಸಿ. ಇಲ್ಲದಿದ್ದರೆ ಇಳಿಸಿಟ್ಟಿದ್ದನ್ನು ಹಾಕಿ, ಇನ್ನೊಮ್ಮೆ ರೀಸ್ಟಾರ್ಟ್ ಮಾಡಿ.

ಅದಕ್ಕೂ ಬಗ್ಗದಿದ್ದರೆ ಮೈಕ್ರೋಸಾಫ್ಟ್‌ನ ಸಾದಾ ಡ್ರೈವರ್ ಇದೆ. ಅಪ್‌ಡೇಟ್ ಡ್ರೈವರ್, ಬ್ರೌಸ್ ಮೈ ಕಂಪ್ಯೂಟರ್, ಲೆಟ್ ಮಿ ಪಿಕ್ ಫ್ರಮ್ ಎ ಲಿಸ್ಟ್, ಆಮೇಲೆ ಹೈ ಡೆಫಿನಿಷನ್ ಆಡಿಯೋ ಡಿವೈಸ್. ಈಕ್ವಲೈಸರ್ ಥರದ ಅಲಂಕಾರ ಇರುವುದಿಲ್ಲ, ಸದ್ದು ಬರುತ್ತದೆ. ಡೆಸ್ಕ್‌ಟಾಪ್‌ಗಳಲ್ಲಿ ನನಗೆ ಇದೇ ಹೆಚ್ಚು ಇಷ್ಟ. ಇಂಟೆಲ್ ಸ್ಮಾರ್ಟ್ ಸೌಂಡ್ ಇರುವ ಲ್ಯಾಪ್‌ಟಾಪ್‌ಗಳಲ್ಲಿ ಮಾತ್ರ ಇದು ಎಲ್ಲ ಕಡೆ ಒಪ್ಪುವುದಿಲ್ಲ.

"ಒಂದೇ ಕ್ಲಿಕ್‌ನಲ್ಲಿ ಎಲ್ಲ ಡ್ರೈವರ್ ಅಪ್‌ಡೇಟ್" ಅನ್ನುವ ಸಾಫ್ಟ್‌ವೇರ್‌ಗಳ ಹತ್ತಿರ ಹೋಗಬೇಡಿ. ದುಡ್ಡು ಕೇಳುತ್ತವೆ, ಬೇಡದ್ದನ್ನೂ ಹಾಕುತ್ತವೆ, ಕೆಲವೊಮ್ಮೆ ಸರಿ ಇದ್ದದ್ದನ್ನೂ ಕೆಡಿಸುತ್ತವೆ.

ಡಿವೈಸ್ ಮ್ಯಾನೇಜರ್‌ನಲ್ಲಿ ಆಡಿಯೋ ಎಂಬ ಹೆಸರೇ ಇಲ್ಲದಿದ್ದರೆ ಬಯಾಸ್‌ಗೆ (ವಿಂಡೋಸ್ ಶುರುವಾಗುವ ಮುಂಚೆ ತೆರೆಯುವ ಮದರ್‌ಬೋರ್ಡ್‌ನ ಸೆಟ್ಟಿಂಗ್ ಪುಟ) ಹೋಗಿ ಆನ್‌ಬೋರ್ಡ್ ಆಡಿಯೋ ಆನ್ ಇದೆಯಾ ನೋಡಿ. ಕೆಲವು ಬೋರ್ಡ್‌ಗಳಲ್ಲಿ ಎಚ್‌ಡಿ ಆಡಿಯೋ ಕಂಟ್ರೋಲರ್ ಅಂತ, ಕೆಲವು ಹಳೇ ಬೋರ್ಡ್‌ಗಳಲ್ಲಿ ಅಝೇಲಿಯಾ ಅಂತ ಇರುತ್ತದೆ.

ಚಟಪಟ, ಕರ್‌ಕರ್ ಸದ್ದು

ಸೆಟ್ಟಿಂಗ್ಸ್‌ನ ಸೌಂಡ್ ಪುಟದಲ್ಲಿ ಸ್ಪೀಕರ್ ಹೆಸರಿನ ಮೇಲೆ ಕ್ಲಿಕ್ ಮಾಡಿ, ಆಡಿಯೋ ಎನ್‌ಹಾನ್ಸ್‌ಮೆಂಟ್ಸ್ ಆಫ್ ಮಾಡಿ. ಅದೇ ಪುಟದಲ್ಲಿ ಫಾರ್ಮ್ಯಾಟ್ 24 ಬಿಟ್, 48000 ಹರ್ಟ್ಜ್ ಇಡಿ. 192000ಕ್ಕೆ ಏರಿಸಿದರೆ ಹಾಡು ಚೆನ್ನಾಗಿ ಕೇಳಿಸುತ್ತದೆ ಎಂಬುದು ಸುಮ್ನೆ ಭ್ರಮೆ. ಸಿಡಿಯಲ್ಲಿರುವುದೇ 44100. ಆದರೂ ಚಟಪಟ ನಿಲ್ಲದಿದ್ದರೆ ಲೇಟೆನ್ಸಿಮಾನ್ ಎಂಬ ಸಾಫ್ಟ್‌ವೇರ್ ಓಡಿಸಿ. ಯಾವ ಡ್ರೈವರ್ ಪ್ರೊಸೆಸರನ್ನು ಹಿಡಿದು ಕೂರುತ್ತಿದೆ ಅಂತ ಅದು ಹೇಳುತ್ತದೆ. ಎಷ್ಟೋ ಸಲ ಕಳ್ಳ ಸಿಗುವುದು ವೈಫೈ ಅಥವಾ ಗ್ರಾಫಿಕ್ಸ್ ಡ್ರೈವರ್‌ನಲ್ಲಿ, ಆಡಿಯೋದಲ್ಲಿ ಅಲ್ಲ.

ಲಿನಕ್ಸ್‌ನಲ್ಲಿ

ಟರ್ಮಿನಲ್‌ನಲ್ಲಿ ಆಲ್ಸಾಮಿಕ್ಸರ್ (alsamixer) ಓಡಿಸಿ. ಎಫ್6 ಒತ್ತಿ ಸರಿಯಾದ ಕಾರ್ಡ್ ಆರಿಸಿ. ಕಂಬದ ಕೆಳಗೆ ಎಂಎಂ ಅಂತ ಇದ್ದರೆ ಅದು ಮ್ಯೂಟ್, ಎಂ ಕೀ ಒತ್ತಿದರೆ ತೆರೆದುಕೊಳ್ಳುತ್ತದೆ. ಆಟೋ ಮ್ಯೂಟ್ ಎಂಬುದು ಕಂಡರೆ ಆಫ್ ಮಾಡಿ ನೋಡಿ. ಫೆಡೋರಾ 34ರಿಂದ, ಉಬುಂಟು 22.10ರಿಂದ ಸೌಂಡ್ ನೋಡಿಕೊಳ್ಳುವುದು ಪೈಪ್‌ವೈರ್. ಅದು ಮುನಿಸಿಕೊಂಡರೆ ಲಾಗ್ ಔಟ್ ಆಗಿ ಬಂದರೆ ಸಾಕಾಗಬಹುದು. ಸೆಟ್ಟಿಂಗ್ಸ್‌ನಲ್ಲಿ ಡಮ್ಮಿ ಔಟ್‌ಪುಟ್ ಅಂತ ಮಾತ್ರ ಇದ್ದರೆ ಕಾರ್ಡ್ ಗುರುತು ಸಿಕ್ಕಿಲ್ಲ. ಹೊಸ ಇಂಟೆಲ್ ಲ್ಯಾಪ್‌ಟಾಪ್ ಆದರೆ ಸೌಂಡ್ ಓಪನ್ ಫರ್ಮ್‌ವೇರ್ ಪ್ಯಾಕೇಜ್ ಇದೆಯಾ ನೋಡಿ.

ಅಂಗಡಿಗೆ ಒಯ್ಯುವ ಮುಂಚೆ

ವಿಂಡೋಸ್ ಬಳಸುವವರಿಗೂ ಲಿನಕ್ಸ್ ಇಲ್ಲಿ ಕೆಲಸಕ್ಕೆ ಬರುತ್ತದೆ. ಉಬುಂಟುವನ್ನು ಪೆನ್‌ಡ್ರೈವ್‌ಗೆ ಹಾಕಿ ಅದರಿಂದ ಬೂಟ್ ಮಾಡಿ, ಟ್ರೈ ಉಬುಂಟು ಆರಿಸಿ. ಇನ್‌ಸ್ಟಾಲ್ ಮಾಡಬೇಡಿ. ಅಲ್ಲಿ ಹಾಡು ಕೇಳಿಸಿದರೆ ಚಿಪ್, ಸ್ಪೀಕರ್ ಎಲ್ಲ ಸರಿ ಇವೆ, ತೊಂದರೆ ವಿಂಡೋಸ್‌ನದ್ದೇ. ಮದರ್‌ಬೋರ್ಡ್ ಹೋಗಿದೆ ಅಂತ ಯಾರಾದರೂ ಹೇಳಿದರೆ ನಂಬಬೇಕಾಗಿಲ್ಲ. ಕೇಳಿಸದಿದ್ದರೆ ಹಾರ್ಡ್‌ವೇರ್ ಮೇಲೆ ಅನುಮಾನ ಹೆಚ್ಚುತ್ತದೆ, ಆದರೆ ಅದೊಂದೇ ಸಾಕ್ಷಿ ಸಾಲದು. ತೀರಾ ಹೊಸ ಲ್ಯಾಪ್‌ಟಾಪ್‌ಗಳ ಸೌಂಡ್ ಲಿನಕ್ಸ್‌ಗೆ ಇನ್ನೂ ಗೊತ್ತಿರದೆ ಇರಬಹುದು.

ಹೆಡ್‌ಫೋನ್‌ನಲ್ಲಿ ಬರುತ್ತದೆ, ಲ್ಯಾಪ್‌ಟಾಪ್ ಸ್ಪೀಕರ್‌ನಲ್ಲಿ ಇಲ್ಲ ಅಂದರೆ ಒಳಗಿನ ಸ್ಪೀಕರ್ ಅಥವಾ ಅದರ ತಂತಿ ಬದಲಿಸಬೇಕಾಗಬಹುದು. ಅದು ದೊಡ್ಡ ರಿಪೇರಿ ಅಲ್ಲ. ಚಿಪ್ಪೇ ಸತ್ತಿದ್ದರೆ ಬೋರ್ಡ್ ರಿಪೇರಿಗೆ ದುಡ್ಡು ಸುರಿಯುವ ಬದಲು ಯುಎಸ್‌ಬಿ ಸೌಂಡ್ ಅಡಾಪ್ಟರ್ ತನ್ನಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಬಹುತೇಕ ಎಲ್ಲವೂ ಯುಎಸ್‌ಬಿ ಆಡಿಯೋ ಕ್ಲಾಸ್ ಪ್ರಕಾರ ಇರುವುದರಿಂದ ಬೇರೆ ಡ್ರೈವರ್ ಹಾಕುವ ರಗಳೆ ಇಲ್ಲ. ಸಿಕ್ಕಿಸಿ, ಔಟ್‌ಪುಟ್ ಪಟ್ಟಿಯಲ್ಲಿ ಆರಿಸಿ. ಆಮೇಲೆ ಸತ್ತ ಚಿಪ್ಪನ್ನು ಬಯಾಸ್‌ನಲ್ಲೋ ಡಿವೈಸ್ ಮ್ಯಾನೇಜರ್‌ನಲ್ಲೋ ಡಿಸೇಬಲ್ ಮಾಡಿ, ಇಲ್ಲದಿದ್ದರೆ ಯಾವುದೋ ಅಪ್‌ಡೇಟ್ ಆದಮೇಲೆ ವಿಂಡೋಸ್ ಅದನ್ನೇ ಮತ್ತೆ ಡಿಫಾಲ್ಟ್ ಮಾಡಿಕೊಂಡು ಕೂರಬಹುದು.